ರೀಡ್ ಸ್ವಿಚ್ ಮೋಟಾರು ಎರಡೇ ಸುತ್ತಿಗೆ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮಕ್ಕಳ ಜೊತೆ ಸೇರಿ ಅಯಸ್ಕಾಂತದ ಮೋಟಾರು ಮಾಡಿದ್ದೇವೆ. ಡಬ್ಬಿ ಮುಚ್ಚಳದ ಅಂಚಿಗೆ ನಾಲ್ಕು ಅಯಸ್ಕಾಂತ, 22 ಗೇಜ್ ತಂತಿಯ 200 ಸುತ್ತಿನ ಕಾಯಿಲು, ಒಂದು ರೀಡ್ ಸ್ವಿಚ್, ಬೈಕಿನ 12 ವೋಲ್ಟ್ ಬ್ಯಾಟರಿ. ಎರಡು ಸುತ್ತು ಜೋರಾಗಿ ತಿರುಗಿ ನಿಂತುಬಿಡುತ್ತದೆ, ಕಾಯಿಲು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಮೂರು ರೀಡ್ ಸ್ವಿಚ್ ಹಾಳಾದವು. ಏನು ಮಾಡಬೇಕು?
– ಪ್ರೌಢಶಾಲಾ ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ತಂತಿ ತೀರಾ ದಪ್ಪವಾಯಿತು. 22 ಗೇಜ್ ತಂತಿಯ 200 ಸುತ್ತು ಎಂದರೆ ಸುಮಾರು 13 ಮೀಟರ್. ಅದರ ರೋಧ ಅರ್ಧ ಓಮ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. 12 ವೋಲ್ಟ್ ಕೊಟ್ಟರೆ ಲೆಕ್ಕದ ಪ್ರಕಾರ 20 ಆಂಪಿಯರ್ ಹರಿಯಬೇಕು. ರೀಡ್ ಸ್ವಿಚ್ಚಿನ ಗಾಜಿನ ಕೊಳವೆಯೊಳಗೆ ಇರುವುದು ನಿಕ್ಕಲ್-ಕಬ್ಬಿಣದ ಎರಡು ತೆಳುವಾದ ಎಲೆಗಳು. ಅಯಸ್ಕಾಂತ ಹತ್ತಿರ ಬಂದಾಗ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಕಾಯಿಲಿಗೆ ಕರೆಂಟು ಹರಿಯುತ್ತದೆ; ದೂರ ಹೋದಾಗ ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ. ಸಣ್ಣ ಗಾತ್ರದ ಸ್ವಿಚ್ ತಾಳುವುದು ಸುಮಾರು ಅರ್ಧ ಆಂಪಿಯರ್. ನಿಮ್ಮ ಮೋಟಾರಿನಲ್ಲಿ ಎಲೆಗಳು ಬೆಸೆದುಹೋಗಿವೆ. ಆಮೇಲೆ ಕರೆಂಟು ಕಡಿಯುವುದೇ ಇಲ್ಲ, ಕಾಯಿಲು ಒಂದು ಅಯಸ್ಕಾಂತವನ್ನು ತಳ್ಳಿ ಮುಂದಿನದನ್ನು ತಡೆದು ಹಿಡಿಯುತ್ತದೆ.

ಹೊಸ ಕಾಯಿಲು ಹೀಗೆ ಸುತ್ತಿ. 15 ಮಿ.ಮೀ. ದಪ್ಪದ ಮಾರ್ಕರ್ ಪೆನ್ನಿನ ಕೊಳವೆಯ ಮೇಲೆ, 15 ಮಿ.ಮೀ. ಉದ್ದದ ಜಾಗದಲ್ಲಿ, 34 ಗೇಜ್ ಎನಾಮಲ್ ತಂತಿ 500 ಸುತ್ತು. ಸುಮಾರು 30 ಮೀಟರ್ ಹಿಡಿಯುತ್ತದೆ, ರೋಧ 12 ಓಮ್ ಆಸುಪಾಸು. ಮೂರು ಪೆನ್ ಟಾರ್ಚ್ ಸೆಲ್ಲಿನ 4.5 ವೋಲ್ಟ್‌ಗೆ 0.37 ಆಂಪಿಯರ್ ಹರಿಯುತ್ತದೆ, ಸ್ವಿಚ್ ತಾಳುತ್ತದೆ. ನಾಲ್ಕು ಸೆಲ್ ಹಾಕಿದರೆ ಅಂಚಿಗೆ ಬಂದಂತೆ, ಬೇಡ. ಪಂಪ್‌ಸೆಟ್, ಫ್ಯಾನು ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಈ ತಂತಿ ತೂಕಕ್ಕೆ ಸಿಗುತ್ತದೆ, 20 ಗ್ರಾಂ ಸಾಕು. ಎರಡೂ ತುದಿಯ ಎನಾಮಲನ್ನು ಬ್ಲೇಡಿನಿಂದ ತಾಮ್ರ ಹೊಳೆಯುವವರೆಗೆ ಕೆರೆಯಿರಿ. ‘ಕರೆಂಟೇ ಬರುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಕೊಳವೆಯೊಳಗೆ ಕಬ್ಬಿಣದ ಬೋಲ್ಟು ತೂರಿಸಬೇಡಿ. ಬಲವೇನೋ ಹೆಚ್ಚುತ್ತದೆ, ಆದರೆ ಅಯಸ್ಕಾಂತಗಳು ಅದಕ್ಕೆ ಎಳೆದುಕೊಂಡು ನಿಂತು ಮೊದಲ ಸುತ್ತೇ ಕಷ್ಟವಾಗುತ್ತದೆ.

ಚಕ್ರಕ್ಕೆ 9 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಮುಚ್ಚಳ ಒಳ್ಳೆಯದು. 12 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಿಯೋಡಿಮಿಯಮ್ ಬಿಲ್ಲೆ ನಾಲ್ಕು, 90 ಡಿಗ್ರಿಗೊಂದರಂತೆ. ನಾಲ್ಕರದ್ದೂ ಒಂದೇ ಧ್ರುವ ಹೊರಮುಖವಾಗಿರಬೇಕು. ಅಂಟಿಸುವ ಮುಂಚೆ ಒಂದರ ಮೇಲೊಂದು ಪೇರಿಸಿ, ಪ್ರತಿಯೊಂದರ ಮೇಲುಮುಖಕ್ಕೂ ಪೆನ್ನಿನಿಂದ ಚುಕ್ಕೆಯಿಡಿ. ಪ್ಲಾಸ್ಟಿಕ್ಕನ್ನು ಮರಳು ಕಾಗದದಿಂದ ಉಜ್ಜಿ ಅರಾಲ್ಡೈಟ್ ಹಚ್ಚಿ, ಒಂದು ಇಡೀ ದಿನ ಬಿಡಿ. ಮಳೆಗಾಲದ ಥಂಡಿಯಲ್ಲಿ ಎರಡು ದಿನ ಬಿಟ್ಟರೂ ನಷ್ಟವಿಲ್ಲ. ಮೇಲೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಬಿಗಿಯಿರಿ. ವೇಗದಲ್ಲಿ ಬಿಚ್ಚಿಕೊಂಡ ಅಯಸ್ಕಾಂತ ಕಣ್ಣಿಗೆ ಬಡಿದೀತು. ಎರಡು ಬಿಲ್ಲೆ ನುಂಗಿದರೆ ಕರುಳನ್ನು ನಡುವೆ ಸಿಕ್ಕಿಸಿ ತೂತು ಮಾಡುತ್ತವೆ, ಹಾಗಾಗಿ ಸಣ್ಣ ಮಕ್ಕಳ ಕೈಗೆ ಖಂಡಿತ ಕೊಡಬೇಡಿ.

ಅಚ್ಚಿಗೆ ಸೈಕಲ್ಲಿನ ಕಡ್ಡಿ, ಅದು ಕೂರಲು ಎರಡು ಗಾಜಿನ ಮಣಿ. ನಿಲುವಿಗೆ ನಿಮ್ಮಲ್ಲಿ ಅಡಿಕೆ ದಬ್ಬೆಗಿಂತ ಬೇರೆ ಬೇಕಿಲ್ಲ. ಪೂರ್ತಿ ಒಣಗಿದ ದಬ್ಬೆಯಾಗಿರಲಿ, ಹಸಿಯದು ಒಣಗುತ್ತಾ ತಿರುಚಿಕೊಂಡು ಅಚ್ಚನ್ನು ಬಿಗಿ ಹಿಡಿಯುತ್ತದೆ. ಚಕ್ರದ ಹತ್ತಿರ ಕಬ್ಬಿಣದ ಮೊಳೆ ಬೇಡ. ಕಾಯಿಲಿಗೂ ಅಯಸ್ಕಾಂತಕ್ಕೂ 3 ಮಿ.ಮೀ. ಸಂದು ಸಾಕು.

ಇನ್ನು ರೀಡ್ ಸ್ವಿಚ್ ಕೂರಿಸುವುದು. ಮೋಟಾರಿನ ಪ್ರಾಣವೇ ಇಲ್ಲಿದೆ, ಅವಸರ ಮಾಡಬೇಡಿ. ಅದನ್ನು ಕಾಯಿಲಿನ ಪಕ್ಕ ಇಟ್ಟರೆ ಕಾಯಿಲಿನ ಕಾಂತಬಲವೇ ಸ್ವಿಚ್ಚನ್ನು ಮುಚ್ಚಿ ಹಿಡಿಯಬಹುದು. ಆದ್ದರಿಂದ ಚಕ್ರದ ಎದುರು ಬದಿಗೆ ಇಡಿ. ನಾಲ್ಕು ಅಯಸ್ಕಾಂತಗಳಿರುವುದರಿಂದ ಒಂದು ಕಾಯಿಲಿನ ಎದುರು ಬಂದಾಗ ಇನ್ನೊಂದು ಸರಿಯಾಗಿ ಆ ಬದಿಯಲ್ಲಿರುತ್ತದೆ. ಕೊಳವೆಯ ನಡುಮಧ್ಯಕ್ಕೆ ಅಯಸ್ಕಾಂತದ ಮುಖ ಬಂದರೆ ಎಲೆಗಳು ಸೇರುವುದಿಲ್ಲ, ಕಾಂತರೇಖೆ ಕೊಳವೆಯ ಉದ್ದಕ್ಕೂ ಹರಿದರೆ ಮಾತ್ರ ಸೇರುತ್ತವೆ. ಚಕ್ರದ ಸುತ್ತಿಗೆ ಸಮನಾಗಿ ಮಲಗಿಸಿದರೆ ಒಂದೇ ಅಯಸ್ಕಾಂತಕ್ಕೆ ಎರಡು ಬಾರಿ ಟಿಕ್ ಎನ್ನುತ್ತದೆ, ಎರಡನೇ ತಳ್ಳು ಮೊದಲನೆಯದನ್ನು ಕೆಡಿಸುತ್ತದೆ. ಅಚ್ಚಿಗೆ ಸಮಾನಾಂತರವಾಗಿ ಹಿಡಿದು, ಅಯಸ್ಕಾಂತ ಕೊಳವೆಯ ಒಂದು ತುದಿಯ ಮೇಲೆ ಹಾಯುವಂತೆ ಸರಿಸಿ. ಕಾಲು ತಂತಿ ಬಗ್ಗಿಸುವಾಗ ಗಾಜಿನಿಂದ 3 ಮಿ.ಮೀ. ಆಚೆ ನೋಸ್ ಪ್ಲೈಯರಿನಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಗಾಜು ಸೀಳುತ್ತದೆ.

ಸೆಲ್ ಜೋಡಿಸದೆ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಸ್ವಿಚ್ಚಿನ ಎರಡು ಕಾಲಿಗೆ ತಾಗಿಸಿ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಅಯಸ್ಕಾಂತ ಕಾಯಿಲಿನ ಮಧ್ಯ ದಾಟಿ 2 ಮಿ.ಮೀ. ಮುಂದೆ ಹೋದಾಗ ಬೀಪ್ ಶುರುವಾಗಬೇಕು, ಇನ್ನೊಂದು ಸೆಂ.ಮೀ. ಸರಿಯುವಷ್ಟರಲ್ಲಿ ನಿಲ್ಲಬೇಕು. ಬೇಗ ಶುರುವಾದರೆ ಬರುತ್ತಿರುವ ಅಯಸ್ಕಾಂತವನ್ನೇ ಕಾಯಿಲು ಹಿಂದಕ್ಕೆ ದಬ್ಬುತ್ತದೆ. ಬೀಪ್ ಉದ್ದವಾದರೆ ಸ್ವಿಚ್ಚನ್ನು ತುಸು ದೂರ ಸರಿಸಿ. ಇಷ್ಟಾಗಿಯೂ ತಿರುಗದಿದ್ದರೆ ಚಕ್ರವನ್ನು ಎದುರು ದಿಕ್ಕಿಗೆ ತಳ್ಳಿ ನೋಡಿ. ಅತ್ತ ಓಡಿದರೆ ಕಾಯಿಲಿನ ಧ್ರುವ ತಲೆಕೆಳಗಾಗಿದೆ ಎಂದರ್ಥ, ಎರಡು ತಂತಿ ಅದಲುಬದಲು ಮಾಡಿ.

ಕಾಯಿಲಿನ ಎರಡು ತುದಿಗೆ 1ಎನ್4007 ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಲೇಬೇಕು, ಬಿಳಿ ಪಟ್ಟಿ ಪ್ಲಸ್ ಕಡೆಗೆ. ಕರೆಂಟು ಕಡಿದ ಕ್ಷಣ ಕಾಯಿಲು ನೂರಾರು ವೋಲ್ಟ್ ಚಿಮ್ಮಿಸುತ್ತದೆ, ಆ ಕಿಡಿ ಎಲೆಗಳನ್ನು ಸುಡುತ್ತದೆ. ಪ್ರದರ್ಶನದಲ್ಲಿ ದಿನವಿಡೀ ಓಡಿಸುವುದಾದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಒಂದು ಟ್ರಾನ್ಸಿಸ್ಟರ್ ಸೇರಿಸಿ. ನಿಮಿಷಕ್ಕೆ 1000 ಸುತ್ತು ತಿರುಗಿದರೆ ಸ್ವಿಚ್ ಗಂಟೆಗೆ 2.4 ಲಕ್ಷ ಬಾರಿ ಮುಚ್ಚಿ ತೆರೆಯುತ್ತದೆ. ಬಿಡಿ139 ಟ್ರಾನ್ಸಿಸ್ಟರಿಗೆ ಎಮಿಟರ್, ಕಲೆಕ್ಟರ್, ಬೇಸ್ ಎಂಬ ಮೂರು ಕಾಲು: ಎಮಿಟರ್ ಮೈನಸ್‌ಗೆ, ಕಲೆಕ್ಟರ್ ಕಾಯಿಲಿಗೆ, ಕಾಯಿಲಿನ ಇನ್ನೊಂದು ತುದಿ ಪ್ಲಸ್‌ಗೆ. ಪ್ಲಸ್‌ನಿಂದ ರೀಡ್ ಸ್ವಿಚ್, 220 ಓಮ್ ರೆಸಿಸ್ಟರ್ ಮೂಲಕ ಬೇಸ್‌ಗೆ. ಆಗ ಸ್ವಿಚ್ ಹೊರುವುದು ಬರೀ 17 ಮಿಲಿ ಆಂಪಿಯರ್. ಹೊಸ ಸ್ವಿಚ್ ಬೇಗ ಸಿಗದಿದ್ದರೆ ಬಾಗಿಲಿಗೆ ಹಾಕುವ ಅಲಾರಂ ಸೆನ್ಸರ್ ಬಿಚ್ಚಿ ನೋಡಿ, ಒಳಗೆ ಇದೇ ಇರುತ್ತದೆ.

ಪ್ರಶ್ನೆ: ಇಂಥದ್ದೇ ಮೋಟಾರಿಗೆ ಎರಡನೇ ಕಾಯಿಲು ಇಟ್ಟು ಅದೇ ಬ್ಯಾಟರಿ ಚಾರ್ಜ್ ಮಾಡಿಕೊಂಡರೆ ನಿಲ್ಲದೆ ಓಡುತ್ತದೆ ಎಂದು ವಿಡಿಯೋ ನೋಡಿದೆ. ಮಳೆಗಾಲದಲ್ಲಿ ನಮ್ಮಲ್ಲಿ ವಾರಗಟ್ಟಲೆ ಕರೆಂಟಿಲ್ಲ. ದೊಡ್ಡದು ಮಾಡಿದರೆ ಮನೆಗೆ ದೀಪ ಹತ್ತೀತೇ?
– ಪಿಯುಸಿ ವಿದ್ಯಾರ್ಥಿ, ಸಾಗರ ತಾಲ್ಲೂಕು

ಉತ್ತರ: ಹತ್ತುವುದಿಲ್ಲ. ಮೇಲಿನ ಮೋಟಾರನ್ನೇ ಲೆಕ್ಕ ಹಾಕೋಣ. 1000 ಸುತ್ತಿನ ವೇಗದಲ್ಲಿ ಒಂದೊಂದು ತಳ್ಳಿಗೆ ಸೆಲ್ ಕೊಡುವುದು ಸುಮಾರು 4 ಮಿಲಿ ಜೂಲ್. ಕಡಿದಾಗ ಚಿಮ್ಮುವ ವೋಲ್ಟೇಜು ಎಷ್ಟೇ ದೊಡ್ಡದಾಗಿ ಕಂಡರೂ ಅದರಲ್ಲಿರುವ ಶಕ್ತಿ 0.2 ಮಿಲಿ ಜೂಲ್, ಇಪ್ಪತ್ತರಲ್ಲಿ ಒಂದು ಪಾಲು. ಎರಡನೇ ಕಾಯಿಲು ಕರೆಂಟು ಕೊಟ್ಟಷ್ಟೂ ಚಕ್ರ ನಿಧಾನವಾಗುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿದ್ದನ್ನು ತೋರಿಸಿದರೆ ನಂಬಬೇಡಿ, ಬಳಸಿ ಬಿಟ್ಟ ಬ್ಯಾಟರಿ ಸುಮ್ಮನಿದ್ದರೂ ಸ್ವಲ್ಪ ಏರುತ್ತದೆ.

ನಿಮ್ಮ ಮನೆಯ ಹಿಂದೆ ಅಬ್ಬಿ ನೀರು ಬೀಳುತ್ತಿದ್ದರೆ ಅದನ್ನು ಅಳೆಯಿರಿ. ಕೊಡ ತುಂಬಲು ಎಷ್ಟು ಸೆಕೆಂಡು, ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಎರಡೇ ಲೆಕ್ಕ. ಸೆಕೆಂಡಿಗೆ 1 ಲೀಟರ್ ನೀರು 10 ಮೀಟರ್ ಇಳಿದರೆ ಅದರಲ್ಲಿ 98 ವ್ಯಾಟ್ ಇದೆ. ಸಣ್ಣ ಟರ್ಬೈನಿನಲ್ಲಿ ಅರ್ಧ ಕೈಗೆ ಸಿಕ್ಕರೂ 9 ವ್ಯಾಟಿನ ಐದು ಎಲ್‌ಇಡಿ ಬಲ್ಬು ಉರಿಯುತ್ತವೆ, ಅದೂ ಮಳೆಗಾಲದಲ್ಲೇ.