ಓದುಗರ ಪ್ರಶ್ನೆ: ಹಗಲೆಲ್ಲ ಉರಿಬಿಸಿಲು, ಸಂಜೆಗೆ ಆಲಿಕಲ್ಲು ಮಳೆ

ಪ್ರಶ್ನೆ: ನಮ್ಮ ಭಾಗದಲ್ಲಿ ಮಾರ್ಚ್ ಕೊನೆಯಿಂದ ಮೇ ತಿಂಗಳವರೆಗೆ ಹಗಲೆಲ್ಲ ಮೈ ಸುಡುವ ಬಿಸಿಲಿದ್ದು, ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದು ಆಲಿಕಲ್ಲು ಮಳೆ ಸುರಿಯುತ್ತದೆ, ಒಣದ್ರಾಕ್ಷಿ ಶೆಡ್ಡುಗಳ ತಗಡು ಹಾರಿಹೋಗುತ್ತದೆ. ಅದೇ ದಿನ ರಾಜಸ್ಥಾನದಲ್ಲಿ ಬಿಸಿಗಾಳಿ, ಅಸ್ಸಾಮಿನಲ್ಲಿ ಭಾರಿ ಮಳೆ ಎಂದು ಸುದ್ದಿ ಬರುತ್ತದೆ. ಒಂದೇ ದೇಶದಲ್ಲಿ ಇಷ್ಟು ವ್ಯತ್ಯಾಸವೇಕೆ? ಮೊದಲೇ ತಿಳಿಯಲು ಸಾಧ್ಯವೇ?
– ದ್ರಾಕ್ಷಿ ಬೆಳೆಗಾರರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಬಿಸಿಲು ಮತ್ತು ಮಳೆ ಒಂದಕ್ಕೊಂದು ವಿರುದ್ಧವೆಂದು ತೋರಿದರೂ, ಬೇಸಿಗೆಯ ಅಡ್ಡಮಳೆಗೆ ಬಲ ಬರುವುದು ಹಗಲಿನ ಆ ಬಿಸಿಲಿನಿಂದಲೇ. ಆದರೆ ಬಿಸಿಲೊಂದೇ ಸಾಲದು, ಗಾಳಿಯಲ್ಲಿ ತೇವಾಂಶವೂ ಇರಬೇಕು. ರಾಜಸ್ಥಾನದಲ್ಲಿ ಬಿಸಿಲಿಗೆ ಕೊರತೆಯಿಲ್ಲ. 2016ರ ಮೇ 19ರಂದು ಅಲ್ಲಿನ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆದರೆ ಮರುಭೂಮಿಯ ಒಣಗಾಳಿಯಲ್ಲಿ ಮೋಡ ಕಟ್ಟಿದರೂ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗಿ, ಧೂಳಿನ ಬಿರುಗಾಳಿಯಷ್ಟೇ ಉಳಿಯುವುದುಂಟು. 2018ರ ಮೇ 2ರಂದು ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳಲ್ಲಿ ಬೀಸಿದ ಬಿರುಗಾಳಿಗೆ 100ಕ್ಕೂ ಹೆಚ್ಚು ಜನರು ಬಲಿಯಾದರು. ಅಸ್ಸಾಂ, ಮೇಘಾಲಯಗಳಿಗಾದರೋ ಬಂಗಾಳ ಕೊಲ್ಲಿಯ ತೇವ ಧಾರಾಳವಾಗಿ ದೊರೆಯುತ್ತದೆ. ಬೆಟ್ಟಗಳು ಆ ಗಾಳಿಯನ್ನು ಮೇಲಕ್ಕೆ ತಳ್ಳುವುದರಿಂದ ಮುಂಗಾರಿಗೆ ಮೊದಲೇ ಅಲ್ಲಿ ಭಾರಿ ಮಳೆಯಾಗುತ್ತದೆ.

ನಮ್ಮ ಸೀಮೆ ಇವೆರಡರ ನಡುವಿನದು. ಹಿಂಗಾರಿ ಬೆಳೆ ಕೊಯ್ದ ಮೇಲೆ ಬರಿದಾಗಿ ಬಿದ್ದಿರುವ ಎರೆಭೂಮಿ ಬಿಸಿಲನ್ನು ಹೀರಿ ಕಾಯುತ್ತದೆ. ವಾಯವ್ಯದ ಒಣಗಾಳಿಯೂ ಸಮುದ್ರದ ಕಡೆಯ ತೇವದ ಗಾಳಿಯೂ ಸಂಧಿಸುವ ಗೆರೆಯೊಂದು ಈ ತಿಂಗಳುಗಳಲ್ಲಿ ಅನೇಕ ದಿನ ವಿದರ್ಭ, ಮರಾಠವಾಡಗಳ ಕಡೆಯಿಂದ ನಮ್ಮ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಚಾಚಿಕೊಂಡಿರುತ್ತದೆ. ಕಾದ ನೆಲದ ಮೇಲಿನ ಗಾಳಿ ಆ ಗೆರೆಯ ಬಳಿ ತೇವ ಹೊತ್ತು ಮೇಲೇರಿ ಗುಡುಗಿನ ಮೋಡವಾಗುತ್ತದೆ. ಆ ಗೆರೆ ದಿನದಿನಕ್ಕೂ ಅತ್ತಿತ್ತ ಸರಿಯುತ್ತಿರುತ್ತದೆ. ಅಲ್ಲದೆ ಒಂದೊಂದು ಮೋಡದ ಹರವು ಕೆಲವೇ ಕಿಲೋಮೀಟರ್ ಇರುವುದರಿಂದ, ಇಂಡಿಯಲ್ಲಿ ಆಲಿಕಲ್ಲು ಬಿದ್ದ ಸಂಜೆ ಬಬಲೇಶ್ವರದಲ್ಲಿ ಒಂದು ಹನಿಯೂ ಬೀಳದಿರಬಹುದು.

ಈ ಮೋಡಗಳು 12 ಕಿಲೋಮೀಟರಿಗೂ ಮಿಕ್ಕಿ ಮೇಲೇರಬಲ್ಲವು. ಸುಮಾರು 5 ಕಿಲೋಮೀಟರ್ ಎತ್ತರದಿಂದಾಚೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಮೇಲ್ಮುಖ ಗಾಳಿ ಎತ್ತಿ ಹಿಡಿದ ಮಂಜಿನ ಹರಳಿನ ಮೇಲೆ ಪದರ ಪದರವಾಗಿ ನೀರು ಗಟ್ಟಿಯಾಗುತ್ತ ಹೋಗುತ್ತದೆ. ದೊಡ್ಡ ಆಲಿಕಲ್ಲೊಂದನ್ನು ಎರಡು ಹೋಳು ಮಾಡಿ ನೋಡಿದರೆ ಬಿಳಿಯ ಮತ್ತು ತಿಳಿಯ ಉಂಗುರಗಳು ಒಂದರ ಸುತ್ತ ಒಂದು ಕಾಣುತ್ತವೆ.

ತಗಡು ಹಾರಿಸುವುದು ಮಾತ್ರ ಬೇರೆಯೇ ಗಾಳಿ. ಬೀಳುವ ಮಳೆಹನಿಗಳು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುವಾಗ ಆ ಗಾಳಿ ತಣಿದು, ಭಾರವಾಗಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ನಾಲ್ಕೂ ಕಡೆಗೆ ನುಗ್ಗುತ್ತದೆ. ಮೊದಲ ಹನಿಗಿಂತ ಮುಂಚೆ ಮಣ್ಣಿನ ವಾಸನೆ ಹೊತ್ತು ಬರುವ ತಣ್ಣನೆಯ ಗಾಳಿ ಇದೇ. ದ್ರಾಕ್ಷಿ ಒಣಗಲೆಂದು ಶೆಡ್ಡಿನ ಬದಿಗಳನ್ನು ತೆರೆದೇ ಬಿಟ್ಟಿರುವುದರಿಂದ, ಅದು ಒಳಹೊಕ್ಕು ತಗಡನ್ನು ಕೆಳಗಿನಿಂದ ಎತ್ತುತ್ತದೆ. ಆದ್ದರಿಂದ ತಗಡಿನ ಮೇಲೆ ಕಲ್ಲು ಹೇರುವುದಕ್ಕಿಂತ, ಅದನ್ನು ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿಯುವುದೇ ಸರಿಯಾದ ಕ್ರಮ. ಹಾರಿಬಂದ ಕಲ್ಲೇ ಪ್ರಾಣ ತೆಗೆದೀತು.

ಇನ್ನು ಮುನ್ಸೂಚನೆ. ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಕೆಲವು ದಿನ ಮೊದಲೇ ನೀಡುತ್ತದೆ. ಆದರೆ ಮೋಡ ಯಾವ ಊರಿನ ಮೇಲೆ ಒಡೆಯುತ್ತದೆ ಎಂಬುದು ಎರಡು ಮೂರು ಗಂಟೆ ಮೊದಲಷ್ಟೇ ರೇಡಾರಿನಲ್ಲಿ ಕಾಣುತ್ತದೆ. ಎಚ್ಚರಿಕೆ ಇರುವ ದಿನ ಮಧ್ಯಾಹ್ನದೊಳಗೇ ಪರದೆ ಇಳಿಸಿ ಕಟ್ಟುವ ಕೆಲಸ ಮುಗಿಸಿರಿ. ನೀರು ತಾಗಿದ ಒಣದ್ರಾಕ್ಷಿ ಕಪ್ಪಾಗಿ ದರ ಕಳೆದುಕೊಳ್ಳುತ್ತದೆ ಎಂಬ ಆತಂಕ ನಮಗೆ ಅರ್ಥವಾಗುತ್ತದೆ. ಆದರೂ ಗುಡುಗು ಕೇಳಿಸಿದ ಮೇಲೆ ಕೂಲಿಯವರನ್ನು ತಗಡಿನ ಮೇಲೆ ಹತ್ತಿಸಬೇಡಿರಿ ಎಂದು ಕೈಮುಗಿದು ಕೇಳುತ್ತೇವೆ. ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರೂ ದನ, ಕುರಿ ಕಾಯುವವರೂ ಬಹಳ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ತಿಳಿಯಬೇಕು. ತೆರೆದ ಶೆಡ್ಡಾಗಲಿ ಬೇವಿನ ಮರವಾಗಲಿ ಆಸರೆಯಲ್ಲ. ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲಿಯೇ ಇರಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಬಗ್ಗೆ ಎಚ್ಚರಿಸುತ್ತದೆ.

ಪ್ರಶ್ನೆ: ನಮ್ಮಲ್ಲಿ 41 ಡಿಗ್ರಿ ಇದ್ದರೂ ‘ಬಿಸಿಗಾಳಿ’ ಎಂದು ಘೋಷಿಸುವುದಿಲ್ಲ, ಏಕೆ?
– ಗೃಹಿಣಿ, ಬಾಗಲಕೋಟೆ

ಉತ್ತರ: ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ಆ ಕಾಲದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ 45 ಡಿಗ್ರಿಯನ್ನೇ ತಲುಪಬೇಕು ಎಂಬುದು ಇಲಾಖೆಯ ಮಾನದಂಡ. ಮೇ ತಿಂಗಳಲ್ಲಿ ನಮ್ಮ ಭಾಗದ ವಾಡಿಕೆಯೇ 40ರ ಆಸುಪಾಸಿನಲ್ಲಿರುವುದರಿಂದ 41 ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ದೇಹಕ್ಕೆ ಈ ಲೆಕ್ಕ ಅನ್ವಯಿಸದು. ಅಡ್ಡಮಳೆಯ ಮರುದಿನ ಗಾಳಿಯಲ್ಲಿ ತೇವ ಹೆಚ್ಚಿ ಬೆವರು ಆರುವುದಿಲ್ಲವಾದ್ದರಿಂದ 38 ಡಿಗ್ರಿಯೂ ಅಪಾಯಕಾರಿಯಾಗಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ, ಎಚ್ಚರಿಕೆ ಬರಲೆಂದು ಕಾಯದೆ, ಬಾಯಾರಿಕೆ ಎನ್ನುವ ಮೊದಲೇ ನೀರು ಮಜ್ಜಿಗೆ ಕೊಡುತ್ತಿರಿ. ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಮೈಗೆ ತಣ್ಣೀರು ಹಾಕುತ್ತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.