ಮೇಯೋ ಕ್ಲಿನಿಕ್ಕೂ ಸೇಂಟ್ ಮೇರೀಸ್ ಆಸ್ಪತ್ರೆಯೂ ಒಂದೇನಾ? ಅಮೆರಿಕದ ರೋಚೆಸ್ಟರ್‌ನಂಥ ಚಿಕ್ಕ ಊರಿನಲ್ಲಿ ಹೇಗೆ ಬೆಳೆದವು?

ಮೊದಲು ಒಂದೇ ಆಗಿರಲಿಲ್ಲ. 1986ರಲ್ಲಿ ಕೂಡಿಕೊಳ್ಳುವವರೆಗೂ ಕ್ಲಿನಿಕ್ ಡಾಕ್ಟರುಗಳದ್ದು, ಆಸ್ಪತ್ರೆ ಫ್ರಾನ್ಸಿಸ್ಕನ್ ಸಿಸ್ಟರುಗಳದ್ದು, ಅಂದರೆ ಕ್ರೈಸ್ತ ಸನ್ಯಾಸಿನಿಯರದ್ದು.

1883ರ ಆಗಸ್ಟ್ 21ರಂದು ಅಮೆರಿಕದ ಮಿನೆಸೋಟದಲ್ಲಿರುವ ರೋಚೆಸ್ಟರ್‌ಗೆ ಸುಂಟರಗಾಳಿ ಬಡಿಯಿತು. ಊರಲ್ಲಿ ಆಸ್ಪತ್ರೆಯೇ ಇರಲಿಲ್ಲ. ಗಾಯಗೊಂಡವರನ್ನು ಡ್ಯಾನ್ಸ್ ಹಾಲಿನಲ್ಲಿ ಮಲಗಿಸಿದರು. ಚಿಕಿತ್ಸೆಯ ಉಸ್ತುವಾರಿ ಡಾ. ವಿಲಿಯಂ ವೊರಲ್ ಮೇಯೋ ಅವರದು. ಆರೈಕೆಗೆ ಬಂದ ಸಿಸ್ಟರುಗಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಇದಾದ ಮೇಲೆ ಆಸ್ಪತ್ರೆ ಕಟ್ಟಲು ಮುಂದಾದವರು ಅವರ ಮುಖ್ಯಸ್ಥೆ ಮದರ್ ಆಲ್ಫ್ರೆಡ್ ಮೋಸ್. ಮೇಯೋ ಮೊದಲು ಒಪ್ಪಲಿಲ್ಲ: ಊರು ಚಿಕ್ಕದು, ಮೇಲಾಗಿ ಆಸ್ಪತ್ರೆ ಅಂದರೆ ಸಾಯೋಕೆ ಹೋಗುವ ಜಾಗ ಅಂತ ಜನ ಹೆದರುತ್ತಿದ್ದ ಕಾಲ. ಸಿಸ್ಟರುಗಳು ಪಟ್ಟು ಬಿಡದೆ ದುಡ್ಡು ಕೂಡಿಸಿ 1889ರಲ್ಲಿ 27 ಹಾಸಿಗೆಯ ಸೇಂಟ್ ಮೇರೀಸ್ ಆಸ್ಪತ್ರೆ ತೆರೆದರು. ಮೊದಲ ಆಪರೇಷನ್ ಕಣ್ಣಿನ ಕ್ಯಾನ್ಸರಿನದು. ಮಾಡಿದ್ದು ಮೇಯೋ ಅವರ ಕಿರಿಮಗ ಚಾರ್ಲ್ಸ್, ಕೈಜೋಡಿಸಿದ್ದು ಹಿರಿಮಗ ವಿಲಿಯಂ, ಕ್ಲೋರೋಫಾರ್ಮ್ ಕೊಟ್ಟಿದ್ದು ಅಪ್ಪ.

ಇವರಿಗೆ ಖ್ಯಾತಿ ಬಂದಿದ್ದು ಬರೀ ಕೈಚಳಕದಿಂದ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅರಿವಳಿಕೆಯನ್ನೇ ನೋಡಿ. ಅರಿವು ತಪ್ಪಿಸುವ ಈಥರನ್ನು ಒಮ್ಮೆಲೇ ಸುರಿದರೆ ರೋಗಿಗೆ ಉಸಿರುಕಟ್ಟಿ ಒದ್ದಾಡುತ್ತಾನೆ. ನರ್ಸ್ ಆಲಿಸ್ ಮಗಾ ಮುಖದ ಮೇಲಿನ ಗಾಜ್ ಬಟ್ಟೆಗೆ ಅದನ್ನು ತೊಟ್ಟು ತೊಟ್ಟಾಗಿ ಹಾಕುತ್ತ, ಮೆಲುವಾಗಿ ಮಾತಾಡಿಸುತ್ತಲೇ ನಿದ್ದೆಗೆ ಇಳಿಸುತ್ತಿದ್ದರು. 1906ರಲ್ಲಿ ಅವರು ಕೊಟ್ಟ ಲೆಕ್ಕ: 14,000ಕ್ಕೂ ಹೆಚ್ಚು ಅರಿವಳಿಕೆ, ಅದರಿಂದಲೇ ಆದ ಸಾವು ಒಂದೂ ಇಲ್ಲ.

ಇನ್ನೊಂದು, ರೋಗಪರೀಕ್ಷೆಯ ಡಾಕ್ಟರ್ ಲೂಯಿಸ್ ವಿಲ್ಸನ್ 1905ರಲ್ಲಿ ಮಾಡಿದ ಕೆಲಸ. ತೆಗೆದ ಗೆಡ್ಡೆಯನ್ನು ಮೇಣದಲ್ಲಿ ಹುದುಗಿಸಿ ಪರೀಕ್ಷಿಸಲು ದಿನಗಟ್ಟಲೆ ಬೇಕು. ಅಷ್ಟರಲ್ಲಿ ಹೊಲಿಗೆ ಹಾಕಿ ಮುಗಿದಿರುತ್ತದೆ, ಕ್ಯಾನ್ಸರ್ ಅಂತ ಗೊತ್ತಾದರೆ ಮತ್ತೆ ಕೊಯ್ಯಬೇಕು. ವಿಲ್ಸನ್ ತುಣುಕನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಮೆಥಿಲೀನ್ ಬ್ಲೂ ಬಣ್ಣ ಹಚ್ಚಿದರು. ರೋಗಿ ಮೇಜಿನ ಮೇಲಿರುವಾಗಲೇ, ನಿಮಿಷಗಳಲ್ಲಿ ಉತ್ತರ. ಮೊದಮೊದಲು ಹೆಪ್ಪುಗಟ್ಟಿಸಿದ್ದು ಕಿಟಕಿಯಾಚೆಯ ಮಿನೆಸೋಟ ಚಳಿಯೇ!

ಆದರೆ ಹಲವು ಡಾಕ್ಟರುಗಳನ್ನು ನಿಜಕ್ಕೂ ಒಂದು ಗುಂಪು ಮಾಡಿದ್ದು ಫೈಲು. ಮೊದಲು ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಲೆಡ್ಜರು. ಮೂವರ ಹತ್ತಿರ ತೋರಿಸಿಕೊಂಡವನ ಕಾಯಿಲೆ ಮೂರು ಪುಸ್ತಕಗಳಲ್ಲಿ ಹಂಚಿಹೋಗುತ್ತಿತ್ತು. ಕ್ಲಿನಿಕ್ಕಿನ ಡಾಕ್ಟರ್ ಹೆನ್ರಿ ಪ್ಲಮರ್ 1907ರಲ್ಲಿ ರೋಗಿಗೊಂದು ನಂಬರು ಕೊಟ್ಟು, ಎಲ್ಲ ಕಾಗದವನ್ನೂ ಅದರಡಿ ಒಂದೇ ಕಡೆ ಇಡಿಸಿದರು. ರೋಗಿ ಎಷ್ಟು ವರ್ಷ ಬಿಟ್ಟು ಬಂದರೂ ಅದೇ ನಂಬರು.

ಇನ್ನು ದುಡ್ಡಿನ ವಿಷಯ. 1919ರಲ್ಲಿ ವಿಲಿಯಂ, ಚಾರ್ಲ್ಸ್ ಅಣ್ಣತಮ್ಮಂದಿರು ಕ್ಲಿನಿಕ್ಕಿನ ಆಸ್ತಿಯನ್ನೂ ತಮ್ಮ ಉಳಿತಾಯದ ಬಹುಪಾಲನ್ನೂ ಲಾಭರಹಿತ ಸಂಸ್ಥೆಗೆ ಬರೆದುಕೊಟ್ಟರು. ಡಾಕ್ಟರುಗಳಿಗೆ ಸಂಬಳ ನಿಗದಿಯಾಯಿತು. ಸಂಬಳದವನಿಗೆ ರೋಗಿಯನ್ನು ಪಕ್ಕದ ಕೋಣೆಯ ಡಾಕ್ಟರಿಗೆ ಕಳಿಸಿದರೆ ಜೇಬಿಗೆ ನಷ್ಟವಿಲ್ಲ.

ಆಸ್ಪತ್ರೆಯ ಕಡೆ 1892ರಿಂದ 1939ರವರೆಗೆ ಆಡಳಿತ ನೋಡಿದವರು ಸಿಸ್ಟರ್ ಮೇರಿ ಜೋಸೆಫ್. ವಿಲಿಯಂ ಅವರ ಆಪರೇಷನ್ ಸಹಾಯಕಿಯೂ ಅವರೇ. ಹೊಟ್ಟೆಯ ಚರ್ಮ ಶುಚಿಮಾಡುವಾಗ ಹೊಕ್ಕುಳಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೆ ಒಳಗೆ ಕ್ಯಾನ್ಸರ್ ಹರಡಿರುತ್ತದೆ ಅಂತ ಗಮನಿಸಿದ್ದು ಅವರು. ವೈದ್ಯಕೀಯ ಪುಸ್ತಕಗಳಲ್ಲಿ ಆ ಗಂಟಿಗೆ ಇಂದಿಗೂ ಅವರದೇ ಹೆಸರು.