8 ಜಿಬಿ ಹಾಕಿದರೂ 4 ಜಿಬಿಯೇ ಕಾಣುವುದಕ್ಕೆ

ಕಂಪ್ಯೂಟರಿನ ಹಳೆಯ 4 ಜಿಬಿ ರ‍್ಯಾಮ್ (ಮೆಮೊರಿ) ಜೊತೆ, ಖಾಲಿಯಿದ್ದ ಸ್ಲಾಟಿಗೆ ಇನ್ನೊಂದು 4 ಜಿಬಿ ಹಾಕಿದರೂ ಒಟ್ಟು 4 ಎಂದೇ ತೋರಿಸುತ್ತಿದೆ ಅಂದಿದ್ದೀರಿ. ಕಾರವಾರದಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಎರಡನೇ ಸ್ಲಾಟ್ ಅಂದರೆ, ಉಪ್ಪುಗಾಳಿಯ ಕೊಳೆಯೇ ಮೊದಲ ಅನುಮಾನ. ಆದರೂ ಬಿಚ್ಚುವ ಮೊದಲು ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ನೋಡಿ. ಅಲ್ಲಿ 8 ಇದ್ದರೆ ರ‍್ಯಾಮ್ ಸರಿಯಿದೆ, ತೊಂದರೆ ವಿಂಡೋಸ್‌ನದು: 32-ಬಿಟ್ ಆಗಿದ್ದರೆ 4ರ ಮೇಲೆ ಬಳಸುವುದಿಲ್ಲ, 64-ಬಿಟ್ ಹಾಕಿಸಬೇಕು. 64-ಬಿಟ್ಟೇ ಇದ್ದರೆ ವಿಂಡೋಸ್‌ನಲ್ಲೇ ಇರುವ ಎಂಎಸ್‌ಕಾನ್ಫಿಗ್ (msconfig) ಎಂಬ ಸೆಟ್ಟಿಂಗ್ಸ್ ತೆರೆದು, ಬೂಟ್ ಟ್ಯಾಬಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿಯ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ.

ಬಯೋಸ್‌ನಲ್ಲೂ 4 ಇದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ರ‍್ಯಾಮ್‌ನ ಬಂಗಾರ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ (ಬೆವರುಗೈ ತಾಗಿಸಬೇಡಿ), ಸ್ಲಾಟಿಗೆ ಒಣ ಬ್ರಷ್ ಸಾಕು. ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿ. ಹೆಚ್ಚಿನವು ಇಲ್ಲಿಗೇ ಸರಿಹೋಗುತ್ತವೆ.

ಆಗದಿದ್ದರೆ ಹಳೆಯದನ್ನು ತೆಗೆದು, ಅದೇ ಸ್ಲಾಟಿಗೆ ಹೊಸದನ್ನು ಮಾತ್ರ ಹಾಕಿ. ಆನ್ ಆಗದಿದ್ದರೆ ಅಂಗಡಿಗೆ ವಾಪಸ್ ಒಯ್ಯಿರಿ. ಆನ್ ಆದರೆ ಬಹುಶಃ ಎರಡನೇ ಸ್ಲಾಟೇ ಹೋಗಿದೆ, ಆಗ ಮೊದಲನೆಯದಕ್ಕೇ 8 ಜಿಬಿಯದ್ದೊಂದು ಹಾಕಿಸಿ.